ಮೈಬಣ್ಣ, ಲಿಂಗತ್ವ, ಮಾದಕವಸ್ತು: ಅಮೆರಿಕದ ವ್ಯಸನ ಚಿಕಿತ್ಸೆ ಎಡವುತ್ತಿರುವುದು ಎಲ್ಲಿ?

ಅಮೆರಿಕದಲ್ಲಿ ಓವರ್‌ಡೋಸ್‌ನಿಂದ ಸಾಯುವವರ ಸಂಖ್ಯೆ ಕೊನೆಗೂ ಇಳಿಯುತ್ತಿದೆ. 2023ರಲ್ಲಿ ಸುಮಾರು 1,05,000 ಜನ ಸತ್ತಿದ್ದರು. 2024ರಲ್ಲಿ ಆ ಲೆಕ್ಕ 80,000ದ ಆಸುಪಾಸಿಗೆ ಬಂತು. ಇದು ಸಣ್ಣ ಮಾತಲ್ಲ. ಆದರೆ ಈ ಇಳಿಕೆ ಎಲ್ಲರಿಗೂ ಒಟ್ಟಿಗೆ ದಕ್ಕಲಿಲ್ಲ. 2022ರಿಂದ 2023ಕ್ಕೆ ಬಿಳಿಯರಲ್ಲಿ ಸಾವಿನ ದರ ತಗ್ಗಿದರೂ ಕಪ್ಪು ಜನರಲ್ಲಿ ತಗ್ಗಲಿಲ್ಲ. ಅಲ್ಲಿನ ಮೂಲನಿವಾಸಿಗಳಲ್ಲಿ ಅದು ಲಕ್ಷಕ್ಕೆ 65ರಷ್ಟಿತ್ತು, ದೇಶದಲ್ಲೇ ಅತಿ ಹೆಚ್ಚು.

ಇಷ್ಟಾದರೂ ನಮಗೆ ಗೊತ್ತಿರುವುದು ಜನಾಂಗದ ಲೆಕ್ಕ. ಸತ್ತವರಲ್ಲಿ ಗೇ, ಲೆಸ್ಬಿಯನ್, ಬೈಸೆಕ್ಷುವಲ್, ಟ್ರಾನ್ಸ್ (ಹುಟ್ಟಿನ ಲಿಂಗಕ್ಕಿಂತ ಬೇರೆ ಲಿಂಗತ್ವದ) ಜನ ಎಷ್ಟು ಎನ್ನುವ ರಾಷ್ಟ್ರೀಯ ಲೆಕ್ಕವೇ ಇಲ್ಲ. ಮರಣ ಪ್ರಮಾಣಪತ್ರದಲ್ಲಿ ಜನಾಂಗಕ್ಕೆ ಕಲಂ ಇದೆ, ಲೈಂಗಿಕ ಒಲವಿಗೆ ಇಲ್ಲ. ಬದುಕಿರುವವರ ಸಮೀಕ್ಷೆಗಳಲ್ಲಿ ಮಾತ್ರ ಒಂದಿಷ್ಟು ಸುಳಿವು ಸಿಗುತ್ತದೆ. ಅಮೆರಿಕ ಸರ್ಕಾರದ ಮಾನಸಿಕ ಆರೋಗ್ಯ ಮತ್ತು ವ್ಯಸನ ಸೇವೆಗಳ ಸಂಸ್ಥೆ ಸಾಮ್‌ಸಾ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಗೇ ಗಂಡಸರು, ಬೈಸೆಕ್ಷುವಲ್ ಗಂಡಸರು ಮತ್ತು ಹೆಂಗಸರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಹಿಂದಿನ ಒಂದು ವರ್ಷದಲ್ಲಿ ಮದ್ಯ ಅಥವಾ ಮಾದಕವಸ್ತುವಿನ ವ್ಯಸನದ ತೊಂದರೆ ಇತ್ತು. ಕಪ್ಪು ಮೈಬಣ್ಣದ ಟ್ರಾನ್ಸ್ ಮಹಿಳೆಯೊಬ್ಬಳು ಓವರ್‌ಡೋಸ್‌ನಿಂದ ಸತ್ತರೆ ಆಕೆ ಒಂದು ಪಟ್ಟಿಯಲ್ಲಿ ಅರ್ಧ ಮಾತ್ರ ಕಾಣುತ್ತಾಳೆ, ಇನ್ನೊಂದರಲ್ಲಿ ಕಾಣುವುದೇ ಇಲ್ಲ. ಲೆಕ್ಕದಲ್ಲಿ ಕಾಣದವರಿಗೆ ಹಣವೂ ಬರುವುದಿಲ್ಲ.

ಕಾರಣಗಳು ಹಳೆಯವು. 1986ರ ಮಾದಕವಸ್ತು ಕಾಯ್ದೆ 5 ಗ್ರಾಂ ಕ್ರ್ಯಾಕ್ (ಸೇದುವ ಹರಳು) ಕೊಕೇನಿಗೂ 500 ಗ್ರಾಂ ಪುಡಿ ಕೊಕೇನಿಗೂ ಒಂದೇ ಶಿಕ್ಷೆ ಇಟ್ಟಿತು: ಕನಿಷ್ಠ ಐದು ವರ್ಷ ಜೈಲು. ಕ್ರ್ಯಾಕ್ ಪ್ರಕರಣಗಳಲ್ಲಿ ಸಿಕ್ಕಿಬಿದ್ದವರು ಬಹುಪಾಲು ಕಪ್ಪು ಜನ. ಈ ನೂರಕ್ಕೊಂದರ ಅನುಪಾತ 2010ರಲ್ಲಿ ಹದಿನೆಂಟಕ್ಕೊಂದಕ್ಕೆ ಇಳಿಯಿತು, ಸಮವಾಗಲಿಲ್ಲ. ಅದೇ ಹೊತ್ತಿಗೆ ತಂಬಾಕು ಕಂಪನಿಗಳಿಗೆ ಇದೇ ಜನ ಮಾರುಕಟ್ಟೆಯಾಗಿದ್ದರು. 1990ರ ದಶಕದಲ್ಲಿ ಆರ್‌.ಜೆ. ರೆನಾಲ್ಡ್ಸ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದ ಗೇ ಸಮುದಾಯವನ್ನೂ ಮನೆಯಿಲ್ಲದವರನ್ನೂ ಗುರಿಯಾಗಿಸಿ ಮಾಡಿದ ಸಿಗರೇಟ್ ಮಾರಾಟದ ಯೋಜನೆಗೆ ತನ್ನ ಕಡತಗಳಲ್ಲಿ ಇಟ್ಟುಕೊಂಡ ಹೆಸರು ‘ಪ್ರಾಜೆಕ್ಟ್ ಸ್ಕಮ್’ (‘ಸ್ಕಮ್’ ಎಂದರೆ ಇಂಗ್ಲಿಷಿನಲ್ಲಿ ಕೊಳಕು, ಹೀನ ಜನ). ಪೊಲೀಸರಿಗೆ ಆರೋಪಿಯಾಗಿ, ಕಂಪನಿಗೆ ಗಿರಾಕಿಯಾಗಿ ಕಂಡವರು ಆಸ್ಪತ್ರೆಗೆ ರೋಗಿಯಾಗಿ ಕಾಣಲು ಬಹಳ ಕಾಲ ಹಿಡಿಯಿತು.

ಇವತ್ತಿನ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಎಲ್‌ಜಿಬಿಟಿಕ್ಯೂ, ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್ ಮೊದಲಾದ ಜನರನ್ನು ಗೌರವದಿಂದ ಕಾಣುವ ಕೇಂದ್ರಗಳು ಹೆಚ್ಚಾಗಿ ಬಿಳಿಯರ ಗೇ ಬಡಾವಣೆಗಳ ಸುತ್ತ ಬೆಳೆದವು. ಕಪ್ಪು, ಲ್ಯಾಟಿನೋ ಬಡಾವಣೆಗಳಲ್ಲಿರುವ ಚಿಕಿತ್ಸಾಲಯಗಳಲ್ಲಿ ಅನೇಕವು ಚರ್ಚಿನ ಆಶ್ರಯದಲ್ಲೋ ಕೋರ್ಟಿನ ಆದೇಶದ ಮೇಲೋ ನಡೆಯುವಂಥವು. ಒಂದು ಕಡೆ ಮೈಬಣ್ಣದಿಂದ ಹೊರಗಿನವರು, ಇನ್ನೊಂದು ಕಡೆ ಲಿಂಗತ್ವದಿಂದ ಹೊರಗಿನವರು. ಬಾಗಿಲಿಗೆ ಕಾಮನಬಿಲ್ಲಿನ ಸ್ಟಿಕರ್ ಅಂಟಿಸಿದರೆ ಇದು ಸರಿಹೋಗುವುದಿಲ್ಲ. ಸೂಜಿಯ ಉದ್ದ, ಮೂತ್ರ ಪರೀಕ್ಷೆಯ ಕೋಣೆ, ತರಬೇತಿಯ ಚಿತ್ರಪಟ, ವಿಮೆಯ ಪತ್ರ ಹೋಗುವ ವಿಳಾಸ: ಯಾರು ಒಳಗೆ ಬಂದು ಉಳಿಯುತ್ತಾರೆ, ಯಾರು ಹಿಂದಿರುಗಿ ಹೋಗುತ್ತಾರೆ ಎಂಬುದನ್ನು ತೀರ್ಮಾನಿಸುವುದು ಇಂಥ ಸಂಗತಿಗಳು. ಅವನ್ನೇ ಒಂದೊಂದಾಗಿ ನೋಡಬೇಕು.

ತುಟಿ ನೀಲಿಯಾಗುವವರೆಗೆ ಕಾಯಬೇಡಿ

ಓವರ್‌ಡೋಸ್ ಗುರುತಿಸುವ ತರಬೇತಿಗಳಲ್ಲಿ ತಪ್ಪದೆ ಹೇಳುವ ಲಕ್ಷಣ ತುಟಿ, ಉಗುರು ನೀಲಿಗಟ್ಟುವುದು. ಬಿಳಿ ಚರ್ಮದಲ್ಲಿ ಅದು ಸಲೀಸಾಗಿ ಕಾಣುತ್ತದೆ. ಕಂದು ಅಥವಾ ಕಪ್ಪು ಚರ್ಮದಲ್ಲಿ ಕಾಣುವುದು ನೀಲಿಯಲ್ಲ, ಬೂದಿ ಬಳಿದಂಥ ಕಳೆಗುಂದಿದ ಬಣ್ಣ. ಮಂದ ಬೆಳಕಿನ ಕ್ಲಬ್ಬಿನಲ್ಲೋ ಪಾರ್ಟಿ ನಡೆದ ಮನೆಯಲ್ಲೋ ಅದೂ ತಪ್ಪಿಹೋಗುತ್ತದೆ. ಹಾಗಾಗಿ ಕೆಳತುಟಿಯನ್ನು ಮಡಚಿ ಒಳಭಾಗ, ವಸಡು, ಅಂಗೈ, ಉಗುರಿನ ಬುಡ ನೋಡಬೇಕು. ಅದಕ್ಕಿಂತ ನಂಬಬಹುದಾದದ್ದು ಉಸಿರು: ಗಂಟಲಿನಲ್ಲಿ ಗೊರಗೊರ ಸದ್ದು, ತುಂಬ ನಿಧಾನವಾದ ಅಥವಾ ನಿಂತುಹೋದ ಉಸಿರಾಟ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ. ‘ಗೊರಕೆ ಹೊಡೀತಿದಾನೆ, ಮಲಗಲಿ ಬಿಡಿ’ ಎಂದು ಜೊತೆಗಿದ್ದವರು ಬಿಟ್ಟುಬಿಟ್ಟಾಗ, ಮಲಗಿದವರು ಬೆಳಿಗ್ಗೆ ಏಳದೇ ಹೋದದ್ದಿದೆ.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್‌ನಲ್ಲೂ ಇದೇ ತೊಡಕು. 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ, ಯಂತ್ರ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಪ್ರಕರಣಗಳು ಕಪ್ಪು ರೋಗಿಗಳಲ್ಲಿ ಸುಮಾರು ಶೇ 12, ಬಿಳಿಯರಲ್ಲಿ ಶೇ 4ಕ್ಕೂ ಕಡಿಮೆ. ಚರ್ಮದ ವರ್ಣದ್ರವ್ಯ ಬೆಳಕನ್ನು ಹೀರುವುದರಿಂದ ಯಂತ್ರ ಹೆಚ್ಚು ತೋರಿಸುತ್ತದೆ. ಆಕ್ಸಿಮೀಟರ್ ಇಟ್ಟುಕೊಂಡ ಕೇಂದ್ರಗಳು ಅಂಕಿಯನ್ನಷ್ಟೇ ನೋಡದೆ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಬೇಕು. ಹತ್ತಕ್ಕಿಂತ ಕಡಿಮೆ ಬಂದರೆ ಅಂಕಿ ಏನೇ ಹೇಳಲಿ, ಕೆಲಸಕ್ಕಿಳಿಯಬೇಕು.

ಕ್ರಮ ಹೀಗಿದೆ. ಜೋರಾಗಿ ಕೂಗಿ, ಎದೆಯ ನಡು ಮೂಳೆಯನ್ನು ಮುಷ್ಟಿಯ ಗೆಣ್ಣುಗಳಿಂದ ಒತ್ತಿ ಉಜ್ಜಿ. ಎಚ್ಚರವಾಗದಿದ್ದರೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಅಂಗಾತ ಮಲಗಿಸಿ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, 4 ಮಿಲಿಗ್ರಾಂ ನಾಲೋಕ್ಸೋನ್ (ಓಪಿಯಾಯ್ಡ್, ಅಂದರೆ ಹೆರಾಯಿನ್, ಫೆಂಟನಿಲ್‌ನಂಥ ಅಫೀಮಿನ ಬಗೆಯ ವಸ್ತುಗಳ ಪರಿಣಾಮ ತಡೆಯುವ ಔಷಧ) ಸ್ಪ್ರೇಯನ್ನು ಒಂದು ಮೂಗಿನ ಹೊಳ್ಳೆಗೆ ಪೂರ್ತಿ ಒತ್ತಿ. ಮೊದಲೇ ಒತ್ತಿ ಪರೀಕ್ಷಿಸಬೇಡಿ. ಒಂದು ಸ್ಪ್ರೇಯಲ್ಲಿ ಇರುವುದು ಒಂದೇ ಡೋಸ್. ಆಮೇಲೆ ಐದು ಸೆಕೆಂಡಿಗೊಮ್ಮೆ ಬಾಯಿಗೆ ಉಸಿರು ಕೊಡಿ. ಎರಡು ಮೂರು ನಿಮಿಷ ಕಳೆದರೂ ಉಸಿರು ಬಾರದಿದ್ದರೆ ಇನ್ನೊಂದು ಹೊಳ್ಳೆಗೆ ಎರಡನೇ ಸ್ಪ್ರೇ. ಉಸಿರು ಬಂದ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ ಜೊತೆಗಿರಿ. ನಾಲೋಕ್ಸೋನ್ 30ರಿಂದ 90 ನಿಮಿಷ ಕೆಲಸ ಮಾಡುತ್ತದೆ, ಮೈಯಲ್ಲಿರುವ ಫೆಂಟನಿಲ್ ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ಗುರಿ ಉಸಿರಾಟ ಮರಳುವುದು, ಎದ್ದು ಕೂರುವುದಲ್ಲ. ಈಗ ಮಾದಕವಸ್ತುವಿನಲ್ಲಿ ಬೆರೆತು ಬರುವ ಪಶುವೈದ್ಯಕೀಯ ಔಷಧ ಝೈಲಾಝಿನ್ ನಾಲೋಕ್ಸೋನ್‌ಗೆ ಬಗ್ಗುವುದಿಲ್ಲ, ಅದರಿಂದ ಬಂದ ಮಂಪರು ಮುಂದುವರಿಯುತ್ತದೆ. ಗಾಬರಿಯಿಂದ ಮೇಲಿಂದ ಮೇಲೆ ಸ್ಪ್ರೇ ಒತ್ತಿದರೆ ಆಗುವುದು ವಾಂತಿ, ನಡುಕ, ತೀವ್ರ ಯಾತನೆ. 8 ಮಿಲಿಗ್ರಾಂ ಸ್ಪ್ರೇಯನ್ನು 4ರದರೊಂದಿಗೆ ನ್ಯೂಯಾರ್ಕ್ ರಾಜ್ಯ ಪೊಲೀಸರ ಪ್ರಕರಣಗಳಲ್ಲಿ ಹೋಲಿಸಿ ನೋಡಿದಾಗ ಬದುಕುಳಿದವರ ಪ್ರಮಾಣ ಹೆಚ್ಚಲಿಲ್ಲ, ವಾಂತಿ ಮತ್ತಿತರ ಯಾತನೆ ಹೆಚ್ಚಿತು ಎಂದು 2024ರಲ್ಲಿ ವರದಿಯಾಯಿತು.

ಮೆತ್ ಮಾತ್ರ ಎಂದುಕೊಂಡವರು

ಗೇ ಗಂಡಸರ ಪಾರ್ಟಿಗಳಲ್ಲಿ ಓಡಾಡುವುದು ಮೆತ್ ಎಂಬ ಉತ್ತೇಜಕ (ಅಲ್ಲಿಯ ಆಡುಮಾತಿನಲ್ಲಿ ‘ಟೀನಾ’), ‘ಜಿ’ ಎಂದು ಕರೆಯುವ ಮಂಪರು ತರುವ ಜಿಎಚ್‌ಬಿ, ಕೊಕೇನ್. ಇವರು ತಮ್ಮನ್ನು ಓಪಿಯಾಯ್ಡ್ ಬಳಸುವವರೆಂದು ಎಣಿಸುವುದೇ ಇಲ್ಲ. ಅಪಾಯ ಇರುವುದು ಅಲ್ಲೇ. ಓಪಿಯಾಯ್ಡ್ ಅಭ್ಯಾಸವಿಲ್ಲದ ದೇಹಕ್ಕೆ ಕೊಕೇನ್‌ನಲ್ಲಿ ಬೆರೆತ ಚೂರು ಫೆಂಟನಿಲ್ ಸಾಕು. ಅದು ಹೆರಾಯಿನ್‌ಗಿಂತ ಸುಮಾರು 50 ಪಟ್ಟು ತೀಕ್ಷ್ಣ.

ಫೆಂಟನಿಲ್ ಪರೀಕ್ಷೆಯ ಪಟ್ಟಿ ಅಗ್ಗ, ಆದರೆ ತಪ್ಪಾಗಿ ಬಳಸುವುದು ಸುಲಭ. ಮೆತ್ ಮತ್ತು ಎಂಡಿಎಂಎಯನ್ನು (ಎಕ್ಸ್‌ಟಸಿ) ಕಡಿಮೆ ನೀರಿನಲ್ಲಿ ಕರಗಿಸಿದರೆ ಫೆಂಟನಿಲ್ ಇಲ್ಲದಿದ್ದರೂ ‘ಇದೆ’ ಎಂದು ತೋರಿಸುತ್ತದೆ. ಅಕ್ಕಿಕಾಳಿನಷ್ಟು, ಅಂದರೆ 10 ಮಿಲಿಗ್ರಾಂ ಆಸುಪಾಸಿನ ಪುಡಿಗೆ ಒಂದು ಟೀ ಚಮಚ ನೀರು ಬೇಕು. ಉಳಿದವಕ್ಕೆ ಅರ್ಧ ಚಮಚ. ಪಟ್ಟಿಯ ಅಲೆಗೆರೆಯ ತುದಿಯನ್ನು 15 ಸೆಕೆಂಡು ಅದ್ದಿ, ಸಮತಟ್ಟಾದ ಜಾಗದಲ್ಲಿಟ್ಟು ಎರಡು ನಿಮಿಷ ಬಿಟ್ಟು ನೋಡಬೇಕು. ಒಂದು ಗೆರೆ ಬಂದರೆ ಫೆಂಟನಿಲ್ ಇದೆ, ಎರಡು ಬಂದರೆ ಕಂಡಿಲ್ಲ. ಕೋವಿಡ್ ಪರೀಕ್ಷೆ ನೋಡಿ ರೂಢಿಯಾದ ಕಣ್ಣಿಗೆ ಇದು ತಿರುಗುಮುರುಗು. ಒಂದೇ ಪೊಟ್ಟಣದ ಒಂದು ಮೂಲೆಯಲ್ಲಿ ಫೆಂಟನಿಲ್ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು, ಆದ್ದರಿಂದ ಎರಡು ಗೆರೆ ಬಂತೆಂದು ಒಬ್ಬರೇ ಕೂತು ಬಳಸುವುದು ಸರಿಯಲ್ಲ.

ಜಿಎಚ್‌ಬಿಗೆ ನಾಲೋಕ್ಸೋನ್ ಕೆಲಸ ಮಾಡುವುದಿಲ್ಲ. ಮದ್ಯದೊಂದಿಗೆ ಸೇರಿದರೆ ಉಸಿರೇ ನಿಲ್ಲಬಹುದು. ಯಾರು ಎಷ್ಟು ಹೊತ್ತಿಗೆ ತೆಗೆದುಕೊಂಡರು ಎಂದು ಫೋನಿನಲ್ಲಿ ಬರೆದಿಟ್ಟುಕೊಳ್ಳುವ ರೂಢಿ ಹುಟ್ಟಿದ್ದು ಇದರಿಂದಲೇ. ಪಾರ್ಟಿಗಳಲ್ಲಿ ಮೂಸುವ ಪಾಪರ್ಸ್ ಎಂಬ ದ್ರವದ ಜೊತೆ ವಯಾಗ್ರ ಸೇರಿದರೆ ರಕ್ತದೊತ್ತಡ ದಿಢೀರನೆ ಕುಸಿಯುತ್ತದೆ. ಎಚ್‌ಐವಿ ಚಿಕಿತ್ಸೆಯಲ್ಲಿರುವವರು ತಮ್ಮ ಮಾತ್ರೆಯಲ್ಲಿ ರಿಟೋನಾವಿರ್ ಅಥವಾ ಕೋಬಿಸಿಸ್ಟಾಟ್ ಇದೆಯೇ ಎಂದು ನೋಡಿಕೊಳ್ಳಬೇಕು. ಇವೆರಡೂ ಯಕೃತ್ತಿನಲ್ಲಿ ಔಷಧ ಒಡೆಯುವ ಕಿಣ್ವಗಳನ್ನು ತಡೆಯುವುದರಿಂದ ಮೆತ್, ಎಂಡಿಎಂಎ, ಜಿಎಚ್‌ಬಿ ರಕ್ತದಲ್ಲಿ ಏರುತ್ತವೆ, ಎಂದಿನ ಪ್ರಮಾಣವೇ ಮಿತಿಮೀರಿದ ಡೋಸ್ ಆಗಿಬಿಡಬಹುದು. ಇದನ್ನು ವೈದ್ಯರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ಗೇ ಮತ್ತು ಬೈಸೆಕ್ಷುವಲ್ ಕಪ್ಪು ಗಂಡಸರಲ್ಲಿ ಇಬ್ಬರಲ್ಲೊಬ್ಬರಿಗೆ ಜೀವಮಾನದಲ್ಲಿ ಎಚ್‌ಐವಿ ತಗಲುವ ಸಂಭವವಿದೆ, ಬಿಳಿಯರಲ್ಲಿ 11ರಲ್ಲೊಬ್ಬರಿಗೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2016ರಲ್ಲಿ ಅಂದಾಜಿಸಿತ್ತು. ಹಾಗಿರುವಾಗ ವ್ಯಸನ ಚಿಕಿತ್ಸೆಯ ಕೋಣೆಯಲ್ಲೇ ಎಚ್‌ಐವಿ ತಗಲದಂತೆ ಮುಂಚಿತವಾಗಿ ನುಂಗುವ ಪ್ರೆಪ್ ಮಾತ್ರೆಯ ಮಾತೂ ಬರಬೇಕು. ಪ್ರೆಪ್ ನುಂಗಿದರೆ ತಾವು ತೆಗೆದುಕೊಳ್ಳುವ ಹೆಣ್ಣಿನ ಹಾರ್ಮೋನ್ ಕೆಲಸ ಮಾಡುವುದಿಲ್ಲ ಎಂಬ ಭಯ ಟ್ರಾನ್ಸ್ ಮಹಿಳೆಯರಲ್ಲಿ ಆಳವಾಗಿದೆ. ಪ್ರೆಪ್‌ನಿಂದ ಆ ಹಾರ್ಮೋನಿನ (ಎಸ್ಟ್ರಡೈಯೋಲ್) ಮಟ್ಟ ತಗ್ಗುವುದಿಲ್ಲ ಎಂಬುದನ್ನು ಅವರು ಕೇಳುವ ಮೊದಲೇ ಹೇಳುವುದು ಒಳ್ಳೆಯದು.

ಸೂಜಿ, ಕೋಣೆ, ಮೂತ್ರದ ಲೋಟ

ಸೂಜಿ ವಿನಿಮಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇನ್ಸುಲಿನ್ ಸಿರಿಂಜ್: 28ರಿಂದ 31 ಗೇಜಿನ ಸಣ್ಣ ಸೂಜಿ (ಗೇಜಿನ ಅಂಕಿ ಏರಿದಷ್ಟೂ ಸೂಜಿ ಸಣ್ಣ), ಅರ್ಧ ಇಂಚು ಉದ್ದ. ಟ್ರಾನ್ಸ್ ಜನ ಚುಚ್ಚಿಕೊಳ್ಳುವ ಹಾರ್ಮೋನ್, ಅಂದರೆ ಎಸ್ಟ್ರೋಜನ್ ಅಥವಾ ಟೆಸ್ಟೋಸ್ಟಿರೋನ್, ಎಣ್ಣೆಯಂತೆ ಮಂದ, ಅಷ್ಟು ಸಣ್ಣ ಸೂಜಿಯಲ್ಲಿ ಹರಿಯುವುದಿಲ್ಲ, ಸ್ನಾಯುವಿಗೆ ತಲುಪುವುದೂ ಇಲ್ಲ. ಅದಕ್ಕೆ ಬೇಕಾದದ್ದು ಎಳೆದುಕೊಳ್ಳಲು 18 ಗೇಜಿನ ಸೂಜಿ, ಚುಚ್ಚಲು 22ರಿಂದ 25 ಗೇಜಿನ, ಒಂದರಿಂದ ಒಂದೂವರೆ ಇಂಚಿನದು, ಜೊತೆಗೆ ಬಿಡಿಸಿ ಹಾಕಬಹುದಾದ 1 ಅಥವಾ 3 ಮಿಲಿಲೀಟರ್ ಸಿರಿಂಜ್. ಈ ಮೂರು ಇಲ್ಲದಿದ್ದರೆ ಗೆಳತಿಯರ ನಡುವೆ ಒಂದೇ ಸೂಜಿ ಕೈಬದಲಾಗುತ್ತದೆ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ದಾಟುತ್ತವೆ. ಇವನ್ನು ಕೇಂದ್ರದಲ್ಲಿ ಇಡಲು ದೊಡ್ಡ ಖರ್ಚೇನೂ ಇಲ್ಲ. ಹಾರ್ಮೋನಿನ ಸೂಜಿಗಾಗಿ ಬಂದವಳು ಅಲ್ಲೇ ನಾಲೋಕ್ಸೋನ್ ಕೂಡ ಒಯ್ಯುತ್ತಾಳೆ. ಮಾದಕವಸ್ತುವಿನ ಮಾತನ್ನು ಅವಳು ಮೂರನೇ ಭೇಟಿಗೋ ನಾಲ್ಕನೆಯದಕ್ಕೋ ಎತ್ತಬಹುದು, ಎತ್ತದೆಯೂ ಇರಬಹುದು.

ಒಳರೋಗಿಯಾಗಿ ಸೇರುವ ರೀಹ್ಯಾಬ್‌ನಲ್ಲಿ ಮೊದಲ ಪೆಟ್ಟು ಕೋಣೆ ಹಂಚಿಕೆ. ಹುಟ್ಟಿನ ಲಿಂಗ ನೋಡಿ ಗಂಡಸರ ವಾರ್ಡಿಗೆ ಹಾಕಿದ ಟ್ರಾನ್ಸ್ ಮಹಿಳೆ ವಾರ ತುಂಬುವ ಮೊದಲೇ ಹೊರಟುಹೋಗುವುದು ಆಶ್ಚರ್ಯವಲ್ಲ. ಎರಡನೆಯದು ಹಾರ್ಮೋನ್. ‘ಹೊರಗಿನ ಔಷಧ’ ಎಂದು ಅದನ್ನು ಕಿತ್ತಿಟ್ಟರೆ ಮಾದಕವಸ್ತು ಬಿಟ್ಟ ಸಂಕಟದ ಮೇಲೆ ಹಾರ್ಮೋನ್ ನಿಂತ ಸಂಕಟವೂ ಬರುತ್ತದೆ. ಓಪಿಯಾಯ್ಡ್ ವ್ಯಸನಕ್ಕೆ ಕೊಡುವ ಮೆಥಡೋನ್ ಆಗಲಿ ಬ್ಯುಪ್ರಿನಾರ್ಫಿನ್ ಆಗಲಿ ತೆಗೆದುಕೊಳ್ಳುವುದಕ್ಕೆ ಎಸ್ಟ್ರೋಜನ್ ಅಡ್ಡಿಯಲ್ಲ. ಸಿಗರೇಟ್ ಸೇದುವವರಲ್ಲಿ ಮಾತ್ರ ರಕ್ತ ಹೆಪ್ಪುಗಟ್ಟುವ ಅಪಾಯ ಏರುವುದರಿಂದ, ನುಂಗುವ ಎಸ್ಟ್ರೋಜನ್ ಬದಲು ಚರ್ಮಕ್ಕೆ ಅಂಟಿಸುವ ಪ್ಯಾಚ್‌ಗೆ ಹೋಗುವುದು ಕ್ಷೇಮ.

ಮೂರನೆಯದು, ಯಾರೂ ಮಾತಾಡದ್ದು, ಮೂತ್ರ ಪರೀಕ್ಷೆ. ಮೋಸವಾಗಬಾರದೆಂದು ಸಿಬ್ಬಂದಿ ಎದುರಿಗೇ ನಿಂತು ನೋಡುವ ಪದ್ಧತಿ ಇದೆ. ಟ್ರಾನ್ಸ್ ಜನರಿಗೆ, ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ, ಜೈಲಿನಲ್ಲಿ ಬೆತ್ತಲೆ ತಪಾಸಣೆ ಕಂಡವರಿಗೆ ಅದು ತಡೆಯಲಾಗದ ಅವಮಾನ. ಅವರು ಪರೀಕ್ಷೆಗೆ ಬರುವುದಿಲ್ಲ. ಬರಲಿಲ್ಲ ಎಂದರೆ ಕಡತದಲ್ಲಿ ‘ಪಾಸಿಟಿವ್’ ಎಂದೇ ದಾಖಲಾಗುತ್ತದೆ, ಕೋರ್ಟಿಗೂ ಹಾಗೇ ಹೋಗುತ್ತದೆ. ಬದಲಿ ದಾರಿಗಳಿವೆ: ಬಾಯೊಳಗಿನ ಜೊಲ್ಲಿನ ಪರೀಕ್ಷೆ, ಅಥವಾ ಉಷ್ಣಾಂಶದ ಪಟ್ಟಿ ಅಂಟಿಸಿದ ಲೋಟ. ಮೂತ್ರ ಆಗತಾನೆ ಬಂದದ್ದೇ ಎಂದು ನಾಲ್ಕು ನಿಮಿಷದೊಳಗೆ ಪಟ್ಟಿಯೇ ಹೇಳುತ್ತದೆ, ಯಾರೂ ಎದುರು ನಿಲ್ಲಬೇಕಿಲ್ಲ.

ಯಾರಿಗೆ ಯಾವ ಔಷಧ

ಓಪಿಯಾಯ್ಡ್ ವ್ಯಸನಕ್ಕೆ ಎರಡು ಮುಖ್ಯ ಔಷಧಗಳಲ್ಲಿ ಬ್ಯುಪ್ರಿನಾರ್ಫಿನ್ ಅನ್ನು ಸಾಮಾನ್ಯ ವೈದ್ಯರು ಬರೆದುಕೊಡಬಹುದು, ಮನೆಗೆ ಒಯ್ಯಬಹುದು. ಮೆಥಡೋನ್‌ಗೆ ಪರವಾನಗಿ ಪಡೆದ ಕ್ಲಿನಿಕ್ಕಿಗೇ ಹೋಗಬೇಕು, ಆರಂಭದಲ್ಲಿ ಬಹುತೇಕ ದಿನವೂ, ಬೆಳಗಿನ ಸರದಿಯಲ್ಲಿ. ಬ್ಯುಪ್ರಿನಾರ್ಫಿನ್ ಬಿಳಿಯರ ಬಡಾವಣೆಗಳಿಗೂ ಮೆಥಡೋನ್ ಕಪ್ಪು ಮತ್ತು ಲ್ಯಾಟಿನೋ ಬಡಾವಣೆಗಳಿಗೂ ಹಂಚಿಹೋಗಿರುವುದನ್ನು ಅಧ್ಯಯನಗಳು ತೋರಿಸಿವೆ. ಬ್ಯುಪ್ರಿನಾರ್ಫಿನ್ ಬರೆಯಲು ಬೇಕಿದ್ದ ವಿಶೇಷ ಅನುಮತಿ 2022ರ ಡಿಸೆಂಬರಿನಲ್ಲಿ ರದ್ದಾಯಿತು. ಮೆಥಡೋನ್ ನಿಯಮವೂ 2024ರಲ್ಲಿ ಸಡಿಲವಾಯಿತು: ಮೊದಲ ಎರಡು ವಾರದಲ್ಲೇ 7 ದಿನಗಳ ಡೋಸ್, 15ನೇ ದಿನದಿಂದ 14 ದಿನಗಳದ್ದು, 31ನೇ ದಿನದಿಂದ 28 ದಿನಗಳದ್ದು ಮನೆಗೆ ಕೊಡಬಹುದು. ‘ಕೊಡಬಹುದು’ ಅಷ್ಟೇ, ಕೊಡಲೇಬೇಕೆಂದಿಲ್ಲ. ರೋಗಿ ‘ಸ್ಥಿರ’ವಾಗಿದ್ದಾನೆಯೇ ಎಂದು ನಿರ್ಧರಿಸುವುದು ಕ್ಲಿನಿಕ್ಕು. ಪಕ್ಷಪಾತ ನುಸುಳುವುದು ಇಂಥ ಕಡೆಯೇ. ಯಾವ ಜನಾಂಗದವರಿಗೆ ಎಷ್ಟು ದಿನದ ಡೋಸ್ ಮನೆಗೆ ಹೋಗುತ್ತಿದೆ ಎಂದು ಪ್ರತಿ ಕ್ಲಿನಿಕ್ಕೂ ಮೂರು ತಿಂಗಳಿಗೊಮ್ಮೆ ತನ್ನ ಪುಸ್ತಕವನ್ನೇ ತೆರೆದು ನೋಡಿದರೆ ಗೊತ್ತಾಗಿಬಿಡುತ್ತದೆ.

ಮೆತ್‌ಗೆ ಮಂಜೂರಾದ ಔಷಧ ಯಾವುದೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಂಡಸರೊಂದಿಗೆ ಸಂಬಂಧವಿರುವ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರು ಸೇರಿ 120 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಖಿನ್ನತೆಗೆ ಕೊಡುವ ಮಿರ್ಟಝಪಿನ್ ದಿನಕ್ಕೆ 30 ಮಿಲಿಗ್ರಾಂ ಕೊಟ್ಟಾಗ ಬಳಕೆ ತಗ್ಗಿತು. ಅತ್ಯಂತ ಗಟ್ಟಿ ಪುರಾವೆ ಇರುವುದು ಬಹುಮಾನದ ಪದ್ಧತಿಗೆ. ಕ್ಯಾಲಿಫೋರ್ನಿಯಾ 2023ರಿಂದ ಇದನ್ನು ಬಡವರ ಸರ್ಕಾರಿ ವಿಮೆಯಲ್ಲಿ ಸೇರಿಸಿತು. ಒಟ್ಟು 24 ವಾರ. ಮೊದಲ 12 ವಾರ ವಾರಕ್ಕೆರಡು ಪರೀಕ್ಷೆ, ಆಮೇಲೆ ವಾರಕ್ಕೊಂದು. ಮೆತ್, ಕೊಕೇನ್‌ನಂಥ ಉತ್ತೇಜಕ ಕಾಣದಿದ್ದರೆ 10 ಡಾಲರಿನ ಗಿಫ್ಟ್ ಕಾರ್ಡ್, ಮೊದಲ 12 ವಾರಗಳಲ್ಲಿ ವಾರವಾರಕ್ಕೆ ಒಂದೂವರೆ ಡಾಲರ್ ಏರಿಕೆ. ಕಂಡರೆ ಆ ದಿನ ಬಹುಮಾನವಿಲ್ಲ, ಮುಂದಿನದು ಮತ್ತೆ 10ರಿಂದ. ಹೊರಗೆ ಹಾಕುವುದಿಲ್ಲ, ಬೈಯುವುದಿಲ್ಲ. ಒಟ್ಟು ಮೊತ್ತದ ಮಿತಿಯನ್ನು 599 ಡಾಲರ್‌ಗೆ ನಿಲ್ಲಿಸಿದ್ದು 600 ದಾಟಿದರೆ ತೆರಿಗೆ ಇಲಾಖೆಗೆ ವರದಿ ಮಾಡಬೇಕಾಗುತ್ತಿದ್ದುದರಿಂದ. ಸಂಶೋಧನೆಗಳಲ್ಲಿ ಫಲ ಕೊಟ್ಟ ಬಹುಮಾನಗಳು ಇದಕ್ಕಿಂತ ದೊಡ್ಡವಿದ್ದವು.

ಹಣ ನಿಂತಾಗ

ಈ ಎಲ್ಲವನ್ನೂ ಒಂದೇ ಸೂರಿನಡಿ ಮಾಡುವವರು ಇದ್ದಾರೆ. ರೋಡ್ ಐಲೆಂಡ್‌ನ ಪ್ರಾಜೆಕ್ಟ್ ವೆಬರ್/ರಿನ್ಯೂ ಲೈಂಗಿಕ ವೃತ್ತಿಯಲ್ಲಿದ್ದ ಗಂಡಸರು ಮತ್ತು ಹೆಂಗಸರಿಗಾಗಿ ಅವರ ನಡುವಿನವರೇ ನಡೆಸುತ್ತಿದ್ದ ಎರಡು ಕೆಲಸಗಳು ಕೂಡಿ ಆದ ಸಂಸ್ಥೆ. 2025ರ ಆರಂಭದಲ್ಲಿ ಪ್ರಾವಿಡೆನ್ಸ್ ನಗರದಲ್ಲಿ, ರಾಜ್ಯದ ಕಾನೂನಿನಡಿಯಲ್ಲೇ, ಸಿಬ್ಬಂದಿಯ ಕಣ್ಣಳತೆಯಲ್ಲಿ ಮಾದಕವಸ್ತು ಬಳಸಬಹುದಾದ ಕೇಂದ್ರ ತೆರೆಯಿತು. ನ್ಯೂಯಾರ್ಕಿನ ಆನ್‌ಪಾಯಿಂಟ್ 2021ರ ನವೆಂಬರಿನಿಂದ ಈಸ್ಟ್ ಹಾರ್ಲೆಮ್ ಮತ್ತು ವಾಷಿಂಗ್ಟನ್ ಹೈಟ್ಸ್‌ನಲ್ಲಿ ಇಂಥ ಎರಡು ಕೇಂದ್ರ ನಡೆಸುತ್ತಿದೆ. ಅಲ್ಲಿ ಅನೇಕ ಸಲ ನಾಲೋಕ್ಸೋನ್ ಬೇಕಾಗುವುದೇ ಇಲ್ಲ, ಆಮ್ಲಜನಕ ಕೊಟ್ಟೇ ಉಸಿರನ್ನು ಸರಿದಾರಿಗೆ ತರುತ್ತಾರೆ.

2025ರ ಜುಲೈ ಈ ಕೆಲಸಕ್ಕೆ ಕೆಟ್ಟ ತಿಂಗಳು. 17ರಂದು 988 ಆತ್ಮಹತ್ಯೆ ತಡೆ ಸಹಾಯವಾಣಿಯಲ್ಲಿ ಎಲ್‌ಜಿಬಿಟಿಕ್ಯೂ ಯುವಜನರಿಗಿದ್ದ ‘3 ಒತ್ತಿ’ ಎಂಬ ಪ್ರತ್ಯೇಕ ಸೇವೆ ನಿಂತಿತು. 24ರಂದು ಅಧ್ಯಕ್ಷರ ಆದೇಶವೊಂದು ಮಾದಕವಸ್ತು ಬಳಕೆಯ ಹಾನಿ ತಗ್ಗಿಸುವ ಕಾರ್ಯಕ್ರಮಗಳಿಗೆ ಸಾಮ್‌ಸಾದ ಅನುದಾನ ಹೋಗದಂತೆ ನೋಡಿಕೊಳ್ಳಲು ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಗೆ ಸೂಚಿಸಿತು. ನಾಲೋಕ್ಸೋನ್ ಮತ್ತು ಪರೀಕ್ಷಾ ಪಟ್ಟಿಗೆ ಹಣ ಉಳಿಸಿ, ಸಿರಿಂಜ್‌ಗೂ ಸೇದುವ ಕೊಳವೆಗೂ ಇಲ್ಲ ಎಂದು ಅದೇ ತಿಂಗಳು ವಿವರಣೆ ಬಂತು. ಸೂಜಿ ಕೊಳ್ಳಲು ಕೇಂದ್ರ ಸರ್ಕಾರದ ಹಣ ಬಳಸಬಾರದೆಂಬ ನಿಷೇಧ, ನಡುವೆ ಸುಮಾರು ಎರಡು ವರ್ಷ ಬಿಟ್ಟರೆ, 1988ರಿಂದಲೂ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇದೆ. ಕೊಳವೆಗೆ ಹಣ ತಡೆದರೆ ಜನ ಬಿಡುವುದಿಲ್ಲ. ಸೇದುವುದಕ್ಕೆ ಹೊರಳಿದ್ದವರು ಮತ್ತೆ ಚುಚ್ಚಿಕೊಳ್ಳುವುದಕ್ಕೆ ಮರಳುವ ಸಾಧ್ಯತೆ ಹೆಚ್ಚು, ಕೇಂದ್ರಕ್ಕೆ ಬರಲು ಇದ್ದ ಒಂದು ಕಾರಣವೂ ಹೋಗುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ

ನ್ಯೂಜೆರ್ಸಿ, ಬೇ ಏರಿಯಾ, ಟೆಕ್ಸಸ್‌ನ ಕನ್ನಡ ಕುಟುಂಬಗಳಲ್ಲೂ ಗೇ ಮಕ್ಕಳಿದ್ದಾರೆ, ಟ್ರಾನ್ಸ್ ಮಕ್ಕಳಿದ್ದಾರೆ, ಅವರಲ್ಲಿ ಕೆಲವರು ಮಾದಕವಸ್ತು ಬಳಸುತ್ತಾರೆ. ದಕ್ಷಿಣ ಏಷ್ಯಾದ ಎಲ್‌ಜಿಬಿಟಿಕ್ಯೂ ಜನರಿಗಾಗಿ ಬೇ ಏರಿಯಾದಲ್ಲಿ ಟ್ರೈಕೋನ್ 1986ರಲ್ಲೇ ಹುಟ್ಟಿತು, ಹಾಗಾಗಿ ಇದು ಹೊಸ ಸಂಗತಿಯೇನೂ ಅಲ್ಲ. ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲಿರುವವರಿಗೆ ಮಾತ್ರ ಅಮೆರಿಕದ ಪೌರರಿಗಿಲ್ಲದ ಅಪಾಯವೊಂದಿದೆ. 30 ಗ್ರಾಂವರೆಗಿನ ಗಾಂಜಾವನ್ನು ಸ್ವಂತಕ್ಕಾಗಿ ಇಟ್ಟುಕೊಂಡ ಒಂದೇ ಒಂದು ಪ್ರಕರಣ ಬಿಟ್ಟರೆ ಉಳಿದ ಯಾವುದೇ ಮಾದಕವಸ್ತು ಶಿಕ್ಷೆಯೂ ಗಡೀಪಾರಿಗೆ ಆಧಾರವಾಗುತ್ತದೆ. ‘ತಪ್ಪೊಪ್ಪಿಕೊಂಡು ಚಿಕಿತ್ಸೆ ಮುಗಿಸಿದರೆ ಕೇಸ್ ವಜಾ’ ಎಂದು ರಾಜ್ಯದ ಡ್ರಗ್ ಕೋರ್ಟ್ ಹೇಳಿದರೂ ವಲಸೆ ಕಾನೂನು ಆ ತಪ್ಪೊಪ್ಪಿಗೆಯನ್ನೇ ಶಿಕ್ಷೆಯೆಂದು ಎಣಿಸಬಹುದು. ಸಹಿ ಹಾಕುವ ಮೊದಲು ವಲಸೆ ವಕೀಲರನ್ನು ಕಾಣಲೇಬೇಕು. ಗಡೀಪಾರಿನ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 2010ರ ಪಡಿಲ್ಲಾ ತೀರ್ಪಿನಲ್ಲಿ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಕಾನೂನುಬದ್ಧವಾದರೂ ಕೇಂದ್ರದ ವಲಸೆ ಅಧಿಕಾರಿಗೆ ಅದು ಈಗಲೂ ನಿಷಿದ್ಧ ವಸ್ತು.

ಅಪ್ಪ ಅಮ್ಮನ ವಿಮೆಯಲ್ಲಿ 26 ವರ್ಷದವರೆಗೆ ಇರಬಹುದು. ಚಿಕಿತ್ಸೆ ಪಡೆದ ಪ್ರತಿ ಸಲ ‘ಯಾವ ಸೇವೆ, ಎಷ್ಟು ಹಣ’ ಎಂಬ ವಿವರಪತ್ರ ವಿಮೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ ಹೋಗುತ್ತದೆ. ಮೊದಲ ಭೇಟಿಗೆ ಮುನ್ನವೇ ವಿಮಾ ಕಂಪನಿಗೆ ಫೋನ್ ಮಾಡಿ ಗೋಪ್ಯ ಸಂವಹನದ ಅರ್ಜಿ ಕೇಳಿ, ಪತ್ರ ಬೇರೆ ವಿಳಾಸಕ್ಕೆ ಅಥವಾ ಸ್ವಂತ ಆನ್‌ಲೈನ್ ಖಾತೆಗೆ ಬರುವಂತೆ ಬರೆದುಕೊಡಬೇಕು. ವಿಷಯ ಹೊರಬಿದ್ದರೆ ತನಗೆ ಅಪಾಯವಿದೆ ಎಂದು ಬರೆದರೆ ಕಂಪನಿ ಒಪ್ಪಲೇಬೇಕು.

ಇಂಗ್ಲಿಷ್ ಸಲೀಸಾಗಿ ಬಾರದ ತಂದೆ ತಾಯಿ ಆಸ್ಪತ್ರೆಗೆ ಬಂದಾಗ ‘ಇಂಡಿಯನ್’ ಎಂದಷ್ಟೇ ಹೇಳಿದರೆ ಹಿಂದಿ ದುಭಾಷಿ ಬರುತ್ತಾರೆ. ಕನ್ನಡವೇ ಬೇಕೆಂದು ಕೇಳಬೇಕು. ಅದೂ ಊರಿನ ಕನ್ನಡ ಕೂಟದಲ್ಲಿ ಎದುರಾಗುವವರು ಬೇಡ. ಫೋನಿನಲ್ಲಿ ಬೇರೆ ರಾಜ್ಯದಿಂದ ಮಾತಾಡುವ ವೃತ್ತಿಪರ ದುಭಾಷಿ ಇರಲಿ. ತಮ್ಮನನ್ನೋ ಅಕ್ಕನನ್ನೋ ದುಭಾಷಿಯಾಗಿ ಕೂರಿಸಿದರೆ ಹೇಳಬೇಕಾದದ್ದು ಯಾವುದೂ ಹೊರಬರುವುದಿಲ್ಲ.

ನಾಲೋಕ್ಸೋನ್ ಕೊಳ್ಳಲು ಇದ್ಯಾವುದರ ಗೊಡವೆಯೂ ಇಲ್ಲ. 2023ರ ಸೆಪ್ಟೆಂಬರಿನಿಂದ ಅದು ಔಷಧದಂಗಡಿಯ ಕಪಾಟಿನಲ್ಲೇ ಸಿಗುತ್ತಿದೆ, ಚೀಟಿ ಬೇಡ, ವಿಮೆ ಬೇಡ. ಎರಡು ಸ್ಪ್ರೇಯ ಪೆಟ್ಟಿಗೆಗೆ 2023ರಲ್ಲಿ ಸುಮಾರು 45 ಡಾಲರ್ ಇತ್ತು, ಸೂಜಿ ವಿನಿಮಯ ಕೇಂದ್ರಗಳಲ್ಲಿ ಉಚಿತ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡಬೇಡಿ, 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಎಲ್ಲಿಟ್ಟಿದ್ದೀರಿ ಎಂದು ಜೊತೆಗಿರುವವರಿಗೂ ತೋರಿಸಿಡಿ.